ಬೆನ್ನಿಗೆ ಕಚೇರಿಯಿಲ್ಲದ ವರದಿಗಾರ: ಪರದೇಶದಲ್ಲಿ ಸ್ವತಂತ್ರ ಪತ್ರಿಕಾವೃತ್ತಿಗೆ ಒಂದು ಕೈಪಿಡಿ

ಪತ್ರಿಕೆಯೊಂದು ತನ್ನ ವರದಿಗಾರರನ್ನು ಹೊರದೇಶಕ್ಕೆ ಕಳುಹಿಸಿದಾಗ ಅವರ ಬೆನ್ನಿಗೆ ಒಂದಿಡೀ ಕಚೇರಿ ಇರುತ್ತದೆ. ವೀಸಾ ಅರ್ಜಿಗೆ ಪತ್ರ ಬರೆದುಕೊಡುವವರು, ವಿಮೆಯ ಕಂತು ಕಟ್ಟುವವರು, ಗೊತ್ತಾದ ಹೊತ್ತಿಗೆ ಕರೆ ಬಾರದಿದ್ದರೆ ರಾಯಭಾರ ಕಚೇರಿಯನ್ನು ಸಂಪರ್ಕಿಸುವವರು, ಬರಹ ಪ್ರಕಟವಾದ ಮೇಲೆ ನೋಟಿಸು ಬಂದರೆ ವಕೀಲರನ್ನು ಗೊತ್ತುಮಾಡುವವರು, ಎಲ್ಲರೂ ಅಲ್ಲಿ ಸಂಬಳಕ್ಕಿರುತ್ತಾರೆ. ಸ್ವತಂತ್ರ ಪತ್ರಕರ್ತರಿಗೆ ಇವರಲ್ಲಿ ಒಬ್ಬರೂ ಇಲ್ಲ. ಆದರೆ ಅವರು ಮಾಡುತ್ತಿದ್ದ ಕೆಲಸಗಳೆಲ್ಲ ಇದ್ದೇ ಇರುತ್ತವೆ. ಮಾಡುವವರು ನೀವೊಬ್ಬರೇ ಆಗುತ್ತೀರಿ. ಈ ಬರಹ ಆ ಕೆಲಸಗಳನ್ನು ಕುರಿತದ್ದು. ಯುದ್ಧಭೂಮಿಗೆ ಹೊರಟವರಿಗೆ ಪ್ರತ್ಯೇಕ ತರಬೇತಿ ಬೇಕು, ಅದಕ್ಕೆ ಲೇಖನ ಸಾಲದು. ಕನ್ನಡದಲ್ಲಿ ಬರೆಯುತ್ತ, ಹೊರದೇಶದ ವರದಿಗಳನ್ನೂ ಮಾಡಬೇಕೆಂದಿರುವ ಸಾಮಾನ್ಯ ಪತ್ರಕರ್ತರನ್ನು ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಸುದ್ದಿ ಮೊದಲು, ಟಿಕೆಟು ಆಮೇಲೆ

ದೇಶವನ್ನು ಮೊದಲು ಆರಿಸಿಕೊಂಡು ಅಲ್ಲಿ ಏನು ಬರೆಯಬಹುದೆಂದು ಹುಡುಕುವುದು ಪ್ರವಾಸಿಗರ ಕ್ರಮ. ವರದಿಗಾರರು ಪ್ರಶ್ನೆಯೊಂದನ್ನು ಹಿಡಿದು ಹೊರಡಬೇಕು, ಮತ್ತು ಆ ಪ್ರಶ್ನೆಗೆ ಬೇರೆಯವರಿಗಿಂತ ತಮ್ಮಲ್ಲೇ ಹೆಚ್ಚು ತಯಾರಿ ಇದೆ ಎಂಬುದು ಅವರಿಗೆ ಖಾತ್ರಿಯಿರಬೇಕು. ಅಂತಾರಾಷ್ಟ್ರೀಯ ಸುದ್ದಿಸಂಸ್ಥೆಗಳು ದಿನವೂ ಬರೆಯುವುದನ್ನು ನಾವು ಅಲ್ಲಿಗೆ ಹೋಗಿ ಮತ್ತೊಮ್ಮೆ ಬರೆದರೆ ಕೊಳ್ಳುವವರಿಲ್ಲ. ಆದರೆ ಕರ್ನಾಟಕದಿಂದ ನೋಡಿದವರಿಗೆ ಮಾತ್ರ ಸುದ್ದಿಯಾಗಿ ಕಾಣುವ ಸಂಗತಿಗಳು ಸಾಕಷ್ಟಿವೆ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಜೈಗಾಂವ್ ಗಡಿಯ ಮೂಲಕ ತರಿಸಿಕೊಳ್ಳಲು ಅನುಮತಿ ಕೊಟ್ಟಾಗ ಮಲೆನಾಡು, ಕರಾವಳಿಗಳಲ್ಲಿ ಎದ್ದ ಗದ್ದಲವನ್ನು ನಾವೆಲ್ಲ ವರದಿ ಮಾಡಿದೆವು. ಗಡಿಯ ಆಚೆ, ಸಮ್‌ತ್ಸೆ ಮತ್ತು ಸರ್ಪಾಂಗ್ ಜಿಲ್ಲೆಗಳ ತೋಟಗಳಲ್ಲಿ ಆ ಅಡಿಕೆ ಬೆಳೆಯುವವರು ಯಾರು, ಅವರ ಕೈಗೆ ಎಷ್ಟು ಬೆಲೆ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಶಿರಸಿಯಲ್ಲಿಯೂ ಸಿಗುವುದಿಲ್ಲ, ದೆಹಲಿಯಲ್ಲಿಯೂ ಸಿಗುವುದಿಲ್ಲ. ಹಾಗೆಯೇ ಕೊಡಗಿನ ರೊಬಸ್ಟಾ ಕಾಫಿ ಬೆಳೆಗಾರರು ದಿನವೂ ಗಮನಿಸುವ ಬೆಲೆಯ ಹಿಂದೆ, ಅದೇ ಕಾಫಿ ಬೆಳೆಯುವ ವಿಯೆಟ್ನಾಮಿನ ಡಕ್ ಲಕ್ ಪ್ರಾಂತ್ಯದ ಮಳೆಯಿದೆ. 2023ರ ಏಪ್ರಿಲಿನಲ್ಲಿ ಸುಡಾನಿನ ಕದನದ ನಡುವೆ ಸಿಲುಕಿಕೊಂಡ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ ಮಾರಲು ಅಷ್ಟು ದೂರದ ಎಲ್ ಫಾಶರ್‌ಗೆ ಹೋಗಿದ್ದಾದರೂ ಹೇಗೆ ಎಂಬುದು ಅವರನ್ನು ಕರೆತಂದ ಮೇಲೂ ಕೇಳಬೇಕಾದ ಪ್ರಶ್ನೆಯಾಗಿ ಉಳಿದಿತ್ತು.

ಹಣದ ಮಾತನ್ನು ಇಲ್ಲಿಯೇ ಆಡಿಬಿಡುವುದು ಒಳ್ಳೆಯದು. ಕನ್ನಡ ಪತ್ರಿಕೆಗಳು ಲೇಖನವೊಂದಕ್ಕೆ ಕೊಡುವ ಸಂಭಾವನೆಯಿಂದ ವಿಮಾನದ ಟಿಕೆಟು ಹುಟ್ಟುವುದಿಲ್ಲ. ಇದು ದೂರಲ್ಲ, ಲೆಕ್ಕ. ಆದ್ದರಿಂದ ಒಂದು ಪ್ರಯಾಣದಿಂದ ಒಂದಕ್ಕಿಂತ ಹೆಚ್ಚು ಬರಹಗಳು ಹೊರಡುವಂತೆ ಮೊದಲೇ ಯೋಜಿಸಬೇಕು. ಮುಖ್ಯ ವರದಿ ಇಂಗ್ಲಿಷಿನ ಅಥವಾ ಹೊರದೇಶದ ಪ್ರಕಟಣೆಗೆ, ಬೇರೆ ಕೋನದ ಬರಹ ಕನ್ನಡಕ್ಕೆ, ಧ್ವನಿಮುದ್ರಣವೋ ಛಾಯಾಚಿತ್ರಗಳೋ ಮತ್ತೊಬ್ಬರಿಗೆ. ಎರಡು ಕಡೆಗೆ ಒಂದೇ ಬರಹವನ್ನು ಮಾರುವುದು ಸಲ್ಲದು. ಯಾವ ಹಕ್ಕನ್ನು ಯಾರಿಗೆ ಎಷ್ಟು ಕಾಲಕ್ಕೆ ಕೊಟ್ಟಿದ್ದೀರಿ ಎಂಬುದು ಲಿಖಿತದಲ್ಲಿದ್ದರೆ ಕನ್ನಡದ ಹಕ್ಕನ್ನು ನೀವೇ ಉಳಿಸಿಕೊಳ್ಳಬಹುದು; ಬಹಳಷ್ಟು ವಿದೇಶಿ ಸಂಪಾದಕರಿಗೆ ಅದರ ಬಗ್ಗೆ ತಕರಾರಿರುವುದಿಲ್ಲ, ನೀವು ಕೇಳಬೇಕಷ್ಟೆ.

ಸಂಪಾದಕರಿಗೆ ಕಳುಹಿಸುವ ಪ್ರಸ್ತಾವ ಒಂದು ಪುಟವನ್ನು ಮೀರಬಾರದು. ಹೊಸದೇನು, ಈಗಲೇ ಏಕೆ, ಯಾರು ಮಾತನಾಡಲು ಒಪ್ಪಿದ್ದಾರೆ, ಇದನ್ನು ಬರೆಯಲು ನೀವೇ ಏಕೆ ತಕ್ಕವರು ಎಂಬ ನಾಲ್ಕು ವಿಷಯಗಳು ಅದರಲ್ಲಿ ಸ್ಪಷ್ಟವಿದ್ದರೆ ಸಾಕು. ಒಪ್ಪಿಗೆ ಬಂದ ಸಂತೋಷದಲ್ಲಿ ಮರೆಯಬಾರದ ಪ್ರಶ್ನೆಗಳೂ ಇವೆ: ಸಂಭಾವನೆ ಎಷ್ಟು, ಖರ್ಚುವೆಚ್ಚ ಯಾರದು, ಹಣ ಸಿಗುವುದು ಬರಹವನ್ನು ಅಂಗೀಕರಿಸಿದಾಗಲೋ ಪ್ರಕಟವಾದಾಗಲೋ, ಬರೆಸಿಕೊಂಡು ಕೈಬಿಟ್ಟರೆ ಎಷ್ಟು ಕೊಡುತ್ತಾರೆ. ಇವುಗಳಿಗಿಂತ ಮುಖ್ಯವಾದದ್ದು, ಈ ಕೆಲಸವನ್ನು ನಿಮಗೆ ವಹಿಸಿದ್ದೇವೆ ಎಂದು ಪತ್ರಿಕೆಯ ಶಿರೋನಾಮೆಯ ಕಾಗದದಲ್ಲಿ ಬರೆದ ನಿಯೋಜನಾ ಪತ್ರ. ವೀಸಾ ಅಧಿಕಾರಿ, ವಿಮಾ ಕಂಪನಿ, ಆ ದೇಶದ ವಾರ್ತಾ ಇಲಾಖೆ, ದಾರಿಯಲ್ಲಿ ತಡೆಯುವ ಪೊಲೀಸರು ಎಲ್ಲರೂ ಕೇಳುವುದು ಅದನ್ನೇ. ಬರೀ ನೋಡೋಣ, ಕಳುಹಿಸಿ ಎಂದ ಸಂಪಾದಕರನ್ನು ನಂಬಿ ಅಪಾಯದ ಜಾಗಕ್ಕೆ ಹೋಗಬಾರದು. ಸಿರಿಯಾದಲ್ಲಿ ಸ್ವತಂತ್ರ ಪತ್ರಕರ್ತ ಜೇಮ್ಸ್ ಫೋಲಿ 2012ರ ನವೆಂಬರಿನಲ್ಲಿ ಅಪಹರಣಕ್ಕೊಳಗಾಗಿ 2014ರ ಆಗಸ್ಟಿನಲ್ಲಿ ಕೊಲೆಯಾದ ಮೇಲೆ, ತಮ್ಮ ಸ್ವಂತ ವರದಿಗಾರರನ್ನು ಕಳುಹಿಸಲಾಗದ ಜಾಗಗಳಿಂದ ಸ್ವತಂತ್ರ ಪತ್ರಕರ್ತರು ತಂದ ವರದಿಯನ್ನು ಕೊಳ್ಳುವುದಿಲ್ಲವೆಂದು ಎಎಫ್‌ಪಿ ಸುದ್ದಿಸಂಸ್ಥೆ ಪ್ರಕಟವಾಗಿಯೇ ಹೇಳಿತು. ಆ ನಿಲುವು ಕಠಿಣವೆನಿಸಿದರೂ ನ್ಯಾಯದ್ದು. ಕೊಳ್ಳುವವರಿಲ್ಲವೆಂದು ಗೊತ್ತಿದ್ದರೆ ಹೋಗುವವರು ಎರಡು ಬಾರಿ ಯೋಚಿಸುತ್ತಾರೆ.

ವೀಸಾ ಮತ್ತು ಸಾಮಾನು

ಪ್ರವಾಸಿ ವೀಸಾದಲ್ಲಿ ಹೋಗಿ ವರದಿ ಮಾಡಿಬರುವುದು ಸುಲಭವೆಂದು ಹೇಳುವ ಹಿರಿಯರು ಪ್ರತಿ ಪ್ರೆಸ್ ಕ್ಲಬ್ಬಿನಲ್ಲಿಯೂ ಸಿಗುತ್ತಾರೆ. ಆ ಸಲಹೆಯನ್ನು ಒಪ್ಪಬೇಡಿ. ಅಮೆರಿಕಕ್ಕೆ ಪತ್ರಕರ್ತರಾಗಿ ಕೆಲಸ ಮಾಡಲು ಹೋಗುವವರಿಗೆ ಐ ವೀಸಾ ಎಂಬ ಪ್ರತ್ಯೇಕ ವರ್ಗವಿದೆ, ಮತ್ತು ಸ್ವತಂತ್ರ ಪತ್ರಕರ್ತರಿಗೆ ಅದು ದೊರೆಯುವುದು ಮಾಧ್ಯಮ ಸಂಸ್ಥೆಯೊಂದರ ಗುತ್ತಿಗೆ ಕೈಯಲ್ಲಿದ್ದಾಗ ಮಾತ್ರ. ವಿಯೆಟ್ನಾಮಿನಲ್ಲಿ ಹೊರದೇಶದ ಪತ್ರಕರ್ತರು ಅಲ್ಲಿನ ವಿದೇಶಾಂಗ ಸಚಿವಾಲಯದ ಅನುಮತಿಯಿಲ್ಲದೆ ವರದಿ ಮಾಡುವಂತಿಲ್ಲ. ಕೀನ್ಯಾದಲ್ಲಿ ಮಾಧ್ಯಮ ಮಂಡಳಿಯಿಂದ ಅಲ್ಪಾವಧಿಯ ಮಾನ್ಯತಾ ಪತ್ರ ಪಡೆಯಬೇಕು. ಭೂತಾನಿಗೆ ನಮಗೆ ವೀಸಾ ಬೇಕಿಲ್ಲವಾದರೂ ಪರವಾನಗಿ ಬೇಕು, ರಾತ್ರಿಯೊಂದಕ್ಕೆ 1,200 ರೂಪಾಯಿಯ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಅಡಿಕೆ ತೋಟ ಸುತ್ತಲು ಹೊರಟವರು ಇದನ್ನು ಬಜೆಟ್ಟಿನಲ್ಲಿ ಬರೆದುಕೊಳ್ಳಲಿ. ಯುರೋಪಿನ ಷೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳೊಳಗೆ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ, ಮತ್ತು ಅರ್ಜಿಯೊಂದಿಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯ ದಾಖಲೆ ಇರಬೇಕು. ಎಲ್ಲೆಡೆಯೂ ಭೇಟಿಯ ಉದ್ದೇಶವನ್ನು ಇದ್ದದ್ದು ಇದ್ದಂತೆ ಬರೆಯಿರಿ. ಸುಳ್ಳು ಹೇಳಿ ಒಳಗೆ ಹೋಗಿ ಸಿಕ್ಕಿಬಿದ್ದರೆ ನಿಮ್ಮನ್ನು ವಿಮಾನ ಹತ್ತಿಸಿ ಕಳುಹಿಸಿಯಾರು. ನಿಮ್ಮೊಂದಿಗೆ ಓಡಾಡಿದ ಸ್ಥಳೀಯರಿಗೆ ಹತ್ತಲು ವಿಮಾನವಿರುವುದಿಲ್ಲ.

ಸಾಮಾನಿನ ವಿಷಯದಲ್ಲಿ ಕಡಿಮೆಯಿದ್ದಷ್ಟೂ ಮೇಲು. ದುಬಾರಿ ಕ್ಯಾಮೆರಾ, ಲೆನ್ಸುಗಳನ್ನು ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಬರೆಸಿಕೊಂಡರೆ ಮರಳುವಾಗ ಅವುಗಳನ್ನು ಹೊರಗೆ ಕೊಂಡದ್ದಲ್ಲವೆಂದು ವಾದಿಸುವ ಕಷ್ಟ ತಪ್ಪುತ್ತದೆ. ಸಲಕರಣೆ ಬಹಳವಿದ್ದರೆ ಎಟಿಎ ಕಾರ್ನೆ ಎಂಬ ದಾಖಲೆ ಇದೆ. ನಮ್ಮಲ್ಲಿ ಅದನ್ನು ವಾಣಿಜ್ಯೋದ್ಯಮಗಳ ಒಕ್ಕೂಟವಾದ ಫಿಕ್ಕಿ ಕೊಡುತ್ತದೆ, ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಸುಂಕವಿಲ್ಲದೆ ಸಾಮಾನು ಒಳಗೆ ಹೋಗಿ ಹೊರಗೆ ಬರಬಹುದು. ಡ್ರೋನ್ ಅನ್ನು ಮನೆಯಲ್ಲಿಯೇ ಬಿಡುವುದು ಲೇಸು. ಮೊರಾಕೊ, ಈಜಿಪ್ಟ್‌ಗಳಂಥ ದೇಶಗಳಲ್ಲಿ ಅದು ನಿಲ್ದಾಣದಲ್ಲೇ ಜಪ್ತಿಯಾಗುತ್ತದೆ. ಹೊರದೇಶದಲ್ಲಿ ಕೊಂಡ ಉಪಗ್ರಹ ಫೋನನ್ನು ಅನುಮತಿಯಿಲ್ಲದೆ ಭಾರತದೊಳಗೆ ತರುವುದೇ ಅಪರಾಧ. ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿರಬೇಕು, ಚೆಕ್-ಇನ್ ಸಾಮಾನಿನಲ್ಲಿ ಅಲ್ಲ.

ವಿಮೆ, ಲಸಿಕೆ

ಟಿಕೆಟಿನ ಜೊತೆಗೆ ಬರುವ ಅಗ್ಗದ ಪ್ರಯಾಣ ವಿಮೆಯ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಯುದ್ಧ, ಗಲಭೆ, ವೃತ್ತಿಸಂಬಂಧಿ ಕೆಲಸದಲ್ಲಿ ಆದ ಗಾಯ ಇವುಗಳನ್ನು ಹೊರಗಿಟ್ಟ ಪಾಲಿಸಿ ಪತ್ರಕರ್ತರಿಗೆ ಉಪಯೋಗಕ್ಕೆ ಬರುವುದಿಲ್ಲ. ಗಾಯಾಳುವನ್ನು ವಿಮಾನದಲ್ಲಿ ಬೇರೆಡೆಗೆ ಸಾಗಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂಬುದು ಮೊದಲು ನೋಡಬೇಕಾದ ಸಾಲು. ಪ್ಯಾರಿಸ್ಸಿನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯ ಮೂಲಕ ಸ್ವತಂತ್ರ ಪತ್ರಕರ್ತರಿಗೆಂದೇ ವಿಮೆ ದೊರೆಯುತ್ತದೆ. ಅಪಾಯದ ಪ್ರದೇಶಕ್ಕೆ ಹೋಗಲೇಬೇಕಾದವರಿಗೆ ಲಂಡನ್ನಿನ ರೋರಿ ಪೆಕ್ ಟ್ರಸ್ಟ್ ನೆರವಾಗುತ್ತದೆ. 1993ರ ಅಕ್ಟೋಬರಿನಲ್ಲಿ ಮಾಸ್ಕೋದ ಒಸ್ಟಾಂಕಿನೊ ದೂರದರ್ಶನ ಕೇಂದ್ರದ ಬಳಿ ಗುಂಡಿಗೆ ಬಲಿಯಾದ ಸ್ವತಂತ್ರ ಕ್ಯಾಮೆರಾಮನ್ ಒಬ್ಬರ ಹೆಸರಿನಲ್ಲಿ 1995ರಲ್ಲಿ ಹುಟ್ಟಿದ ಸಂಸ್ಥೆ ಅದು.

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಅಧಿಕೃತ ಕೇಂದ್ರದಲ್ಲಿ, ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಆಗಿರಬೇಕು. ಆ ಪ್ರಮಾಣಪತ್ರವಿಲ್ಲದೆ ಅಂಥ ದೇಶದಿಂದ ನೇರವಾಗಿ ಮರಳಿದರೆ ನಮ್ಮದೇ ನಿಲ್ದಾಣದಲ್ಲಿ ಆರು ದಿನಗಳವರೆಗೆ ಪ್ರತ್ಯೇಕ ವಾಸದಲ್ಲಿ ಇರಿಸಬಹುದು.

ಅಲ್ಲಿಯೇ ಉಳಿಯುವವರು

ಹೊರದೇಶದ ವರದಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಅಚ್ಚಾಗುವ ಕೆಲಸದಲ್ಲಿ ಅರ್ಧವನ್ನು ಮಾಡುವವರು ಫಿಕ್ಸರ್ ಎಂದು ಕರೆಯಲಾಗುವ ಸ್ಥಳೀಯ ಸಹವರ್ತಿಗಳು. ಅವರಲ್ಲಿ ಬಹಳಷ್ಟು ಮಂದಿ ಸ್ವತಃ ಪತ್ರಕರ್ತರು. ಯಾರನ್ನು ನೋಡಬೇಕು, ಯಾವ ದಾರಿಯಲ್ಲಿ ಕತ್ತಲಾದ ಮೇಲೆ ಹೋಗಬಾರದು, ಯಾವ ಪ್ರಶ್ನೆಯನ್ನು ಯಾರ ಎದುರಿಗೆ ಕೇಳಬಾರದು ಎಂಬುದೆಲ್ಲ ಅವರಿಗೆ ಗೊತ್ತು. ಅವರನ್ನು ಗೊತ್ತುಮಾಡುವ ಸರಿಯಾದ ವಿಧಾನವೆಂದರೆ ಅದೇ ಪ್ರದೇಶದಲ್ಲಿ ಹಿಂದೆ ಕೆಲಸ ಮಾಡಿದ ಇಬ್ಬರು ಪತ್ರಕರ್ತರನ್ನಾದರೂ ವಿಚಾರಿಸುವುದು. ದಿನಗೂಲಿ ಎಷ್ಟು, ವಾಹನ ಮತ್ತು ಊಟದ ಖರ್ಚು ಯಾರದು, ಬರಹದಲ್ಲಿ ಅವರ ಹೆಸರಿರಬೇಕೋ ಬೇಡವೋ, ಅವರಿಗೆ ಪೆಟ್ಟಾದರೆ ಆಸ್ಪತ್ರೆಯ ವೆಚ್ಚ ಯಾರು ಭರಿಸುತ್ತಾರೆ ಎಂಬುದನ್ನು ಮೊದಲ ದಿನಕ್ಕೆ ಮುಂಚೆಯೇ ಬರೆದುಕೊಳ್ಳಬೇಕು. ನಿಮಗೆ ವಿಮೆಯಿದ್ದು ಪಕ್ಕದ ಸೀಟಿನಲ್ಲಿ ಕುಳಿತವರಿಗೆ ಇಲ್ಲವಾದರೆ ಆ ಬಜೆಟ್ಟು ಅಪೂರ್ಣ. ಅವರು ಬೇಡವೆಂದ ಜಾಗಕ್ಕೆ ಹೋಗಬಾರದೆಂಬುದು ಚರ್ಚೆಯಿಲ್ಲದ ನಿಯಮವಾಗಿರಲಿ.

ಈ ಮಾತುಗಳನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2007ರ ಮಾರ್ಚಿನಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಇಟಲಿಯ ಪತ್ರಕರ್ತ ಡ್ಯಾನಿಯೆಲೆ ಮಾಸ್ಟ್ರೋಜಾಕೊಮೊ, ಅವರ ಚಾಲಕ ಸಯ್ಯದ್ ಆಘಾ ಮತ್ತು ದುಭಾಷಿ ಅಜ್ಮಲ್ ನಕ್ಷ್‌ಬಂದಿ ಮೂವರನ್ನೂ ತಾಲಿಬಾನ್ ಅಪಹರಿಸಿತು. ಚಾಲಕನನ್ನು ಕೊಂದರು. ಸೆರೆಯಲ್ಲಿದ್ದ ತಾಲಿಬಾನಿಗಳ ಬಿಡುಗಡೆಗೆ ಪ್ರತಿಯಾಗಿ ಇಟಲಿಯ ಪತ್ರಕರ್ತರು ಮನೆಗೆ ಮರಳಿದರು. ನಕ್ಷ್‌ಬಂದಿಯವರನ್ನು ಏಪ್ರಿಲಿನಲ್ಲಿ ಕೊಂದರು. ಅವರಿಬ್ಬರ ಪರವಾಗಿ ಮಾತುಕತೆ ನಡೆಸುವ ವಿದೇಶಿ ಸರ್ಕಾರ ಇರಲಿಲ್ಲ.

ಯುದ್ಧವಿಲ್ಲದ ಕಡೆಯೂ ಈ ತಾರತಮ್ಯ ಹೀಗೆಯೇ ಇರುತ್ತದೆ. ಕತಾರಿನಲ್ಲಿ ವಿಶ್ವಕಪ್ ಫುಟ್‌ಬಾಲ್ ಸಿದ್ಧತೆ ನಡೆದಿದ್ದ 2021ರಲ್ಲಿ, ವಲಸೆ ಕಾರ್ಮಿಕರ ವಸತಿಯನ್ನು ಚಿತ್ರೀಕರಿಸಿದ ನಾರ್ವೆಯ ದೂರದರ್ಶನದ ಇಬ್ಬರು ಪತ್ರಕರ್ತರನ್ನು ನವೆಂಬರಿನಲ್ಲಿ ಬಂಧಿಸಿ ಮೂವತ್ತಕ್ಕೂ ಹೆಚ್ಚು ಗಂಟೆಗಳ ಬಳಿಕ ಬಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ, ಕಾರ್ಮಿಕರ ಬದುಕನ್ನು ಕುರಿತು ಬೇರೊಂದು ಹೆಸರಿನಲ್ಲಿ ಬರೆಯುತ್ತಿದ್ದ ಕೀನ್ಯಾದ ಭದ್ರತಾ ಕಾವಲುಗಾರ ಮಾಲ್ಕಮ್ ಬಿಡಾಲಿಯವರು ಸುಮಾರು ಒಂದು ತಿಂಗಳು ಏಕಾಂತ ಬಂಧನದಲ್ಲಿದ್ದು, ಬಳಿಕ ದಂಡವನ್ನೂ ಕಟ್ಟಬೇಕಾಯಿತು. ಎರಡೂ ಬೇರೆ ಬೇರೆ ಪ್ರಕರಣಗಳು. ಆದರೆ ಕೊಲ್ಲಿ ದೇಶಗಳಿಗೆ ನಮ್ಮವರ ಬದುಕನ್ನು ಬರೆಯಲು ಹೋಗುವ ಕನ್ನಡ ಪತ್ರಕರ್ತರು ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕು.

ಕೊಲ್ಲಿಯಲ್ಲಿ ನಮಗಿರುವ ಅನುಕೂಲ ದೊಡ್ಡದು. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಹಿಂದಿ ಬಲ್ಲ ಮಂಗಳೂರಿನ ಅಥವಾ ಭಟ್ಕಳದ ವರದಿಗಾರರಿಗೆ ದುಬೈನ ಸೋನಾಪುರದ ಕಾರ್ಮಿಕ ವಸತಿಗಳಲ್ಲಿ ದುಭಾಷಿಯೇ ಬೇಡ. ಊರಿನ ಮಾತು ಕಿವಿಗೆ ಬಿದ್ದರೆ ಜನ ಮನಸ್ಸು ಬಿಚ್ಚುತ್ತಾರೆ, ಹೇಳಬಾರದ್ದನ್ನೂ ಹೇಳುತ್ತಾರೆ. ಜವಾಬ್ದಾರಿ ಹೆಚ್ಚುವುದೂ ಅಲ್ಲಿಯೇ. ಸಂಬಳ ಸಿಗದ ಕಾರ್ಮಿಕರೊಬ್ಬರು ಕಂಪನಿಯ ಹೆಸರು ಹೇಳಿ ಮಾತನಾಡಿದರೆ ಆ ಕಂಪನಿಗೆ ಅವರು ಯಾರೆಂದು ತಿಳಿಯಲು ಹೆಸರೇ ಬೇಕಿಲ್ಲ; ಊರು, ವಯಸ್ಸು, ಕೆಲಸದ ಬಗೆ ಇಷ್ಟು ಸಾಕು. ಆದ್ದರಿಂದ ಹೆಸರು ಬದಲಿಸುವುದರ ಜೊತೆಗೆ ಈ ಮೂರರಲ್ಲಿ ಯಾವುದನ್ನು ಬಿಡಬಹುದೆಂದು ಅವರೊಂದಿಗೇ ಕುಳಿತು ತೀರ್ಮಾನಿಸಿ. ಮಾತನಾಡುವಾಗ ಒಮ್ಮೆ, ನೀವು ದೇಶ ಬಿಡುವ ಮೊದಲು ಮತ್ತೊಮ್ಮೆ ಒಪ್ಪಿಗೆ ಕೇಳಿ. ಎರಡನೆಯ ಬಾರಿ ಬೇಡವೆಂದರೆ ಬೇಡ. ಕುವೈತಿನಲ್ಲೋ ರಿಯಾದಿನಲ್ಲೋ ಮನೆಗೆಲಸಕ್ಕಿರುವ ಹೆಣ್ಣುಮಗಳೊಬ್ಬಳ ಧ್ವನಿಮುದ್ರಣವನ್ನು ಊರಿನಲ್ಲಿರುವ ಆಕೆಯ ಮನೆಯವರು ಪ್ರಕಟಿಸಿ ಎಂದು ಒತ್ತಾಯಿಸಿದರೂ, ಪ್ರಕಟಣೆಯ ಮಾರನೆಯ ದಿನ ಆಕೆ ಆ ಮನೆಯಲ್ಲಿಯೇ ಇರುತ್ತಾಳೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕುವ ತನಕ ತಡೆಹಿಡಿಯಬೇಕು.

ದುಭಾಷಿಯ ಮೂಲಕ ಸಂದರ್ಶನ ಮಾಡುವಾಗ ಪ್ರಶ್ನೆಗಳು ಚಿಕ್ಕವಿರಲಿ, ದುಭಾಷಿಯ ಕಡೆ ನೋಡದೆ ಉತ್ತರಿಸುವವರನ್ನೇ ನೋಡಿ. ಎರಡು ನಿಮಿಷದ ಉತ್ತರ ಒಂದು ವಾಕ್ಯವಾಗಿ ಬಂದರೆ ಉಳಿದದ್ದೇನೆಂದು ಕೇಳಲು ಸಂಕೋಚ ಬೇಡ. ಮೂಲ ಧ್ವನಿಮುದ್ರಣವನ್ನು, ಒಪ್ಪಿಗೆಯಿದ್ದರೆ, ಉಳಿಸಿಕೊಂಡು ಮುಖ್ಯ ಮಾತುಗಳನ್ನು ಬೇರೊಬ್ಬರಿಂದ ಅನುವಾದಿಸಿ ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ಫೋನು ಮತ್ತು ಟಿಪ್ಪಣಿ

ಪತ್ರಕರ್ತರ ಫೋನಿನಲ್ಲಿ ಮೂಲಗಳ ಪಟ್ಟಿಯೇ ಇರುತ್ತದೆ. ಗಡಿಯಲ್ಲಿ ಅದನ್ನು ಬಿಚ್ಚಿ ನೋಡುವ ಅಧಿಕಾರ ಅಮೆರಿಕವೂ ಸೇರಿದಂತೆ ಹಲವು ದೇಶಗಳ ಅಧಿಕಾರಿಗಳಿಗಿದೆ. ಆದ್ದರಿಂದ ಹಳೆಯ ಸಂಭಾಷಣೆಗಳಿಲ್ಲದ ಬೇರೊಂದು ಫೋನು ಒಯ್ಯುವುದು ಮೇಲು. ವಲಸೆ ತಪಾಸಣೆಯ ಸಾಲಿಗೆ ನಿಲ್ಲುವ ಮೊದಲು ಬೆರಳಚ್ಚು, ಮುಖಚಹರೆಯ ಬೀಗಗಳನ್ನು ತೆಗೆದು, ಉದ್ದದ ಪಾಸ್‌ವರ್ಡ್ ಇಟ್ಟು, ಫೋನನ್ನು ಪೂರ್ತಿ ಆರಿಸಿಬಿಡಿ. ಮಾತುಕತೆಗೆ ಸಿಗ್ನಲ್ ಆ್ಯಪ್ ಬಳಸಿ, ಸಂದೇಶಗಳು ತಾವಾಗಿಯೇ ಅಳಿಯುವಂತೆ ಹೊಂದಿಸಿ. ಆದರೆ ಯುಎಇಯಂಥ ಕಡೆ ಅಂತರ್ಜಾಲದ ಕರೆಗಳಿಗೆ ನಿರ್ಬಂಧವಿದೆ ಎಂಬುದನ್ನು ನೆನಪಿಟ್ಟು ಬೇರೆ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಟಿಪ್ಪಣಿ ಪುಸ್ತಕದಲ್ಲಿ ಮೂಲಗಳಿಗೆ ಸಂಖ್ಯೆ ಕೊಟ್ಟು, ಸಂಖ್ಯೆಗೂ ಹೆಸರಿಗೂ ಇರುವ ಕೊಂಡಿಯನ್ನು ಬೇರೆಲ್ಲಾದರೂ ಇಡಿ.

ಛಾಯಾಚಿತ್ರದೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ಪ್ರಕಟಣೆಗೆ ಮೊದಲು ಅಳಿಸಲೇಬೇಕು. 2012ರ ಡಿಸೆಂಬರಿನಲ್ಲಿ ತಲೆಮರೆಸಿಕೊಂಡಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿರುವುದು ಜಗತ್ತಿಗೆ ತಿಳಿದದ್ದು, ಅವರೊಂದಿಗಿದ್ದ ಪತ್ರಕರ್ತರು ಪ್ರಕಟಿಸಿದ ಚಿತ್ರದಲ್ಲಿ ಉಳಿದುಹೋಗಿದ್ದ ಅಕ್ಷಾಂಶ ರೇಖಾಂಶಗಳಿಂದ. ಆತ ಶ್ರೀಮಂತ, ವಕೀಲರನ್ನು ಹಿಡಿಯಬಲ್ಲವರಾಗಿದ್ದರು. ನಿಮ್ಮ ಚಿತ್ರದಲ್ಲಿರುವವರಿಗೆ ಆ ಸೌಕರ್ಯ ಇರುವುದಿಲ್ಲ.

ಊರಿನಲ್ಲೊಬ್ಬರು

ಮನೆಯಲ್ಲಿ ಅಥವಾ ಗೆಳೆಯರಲ್ಲಿ ಒಬ್ಬರನ್ನು, ಬೇಗ ಗಾಬರಿಯಾಗದ ಆದರೆ ಸೋಮಾರಿಯೂ ಅಲ್ಲದ ಒಬ್ಬರನ್ನು, ಆರಿಸಿಕೊಳ್ಳಿ. ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿಗಳು, ಸಂಪಾದಕರ ಮತ್ತು ಸ್ಥಳೀಯ ಸಹವರ್ತಿಯ ಸಂಖ್ಯೆ, ಭಾರತೀಯ ರಾಯಭಾರ ಕಚೇರಿಯ ತುರ್ತು ಸಂಖ್ಯೆ ಅವರ ಬಳಿ ಇರಲಿ. ದಿನದಲ್ಲಿ ಎರಡು ಹೊತ್ತು ಸಂದೇಶ ಕಳುಹಿಸುವ ಕರಾರು ಮಾಡಿಕೊಂಡು, ಒಂದು ತಪ್ಪಿದರೆ ಯಾರಿಗೆ ಕರೆ, ಎರಡೂ ತಪ್ಪಿದರೆ ಯಾರಿಗೆ ಕರೆ ಎಂಬುದನ್ನು ಬರೆದುಕೊಡಿ. ಸಂದೇಶ ಕಳುಹಿಸುತ್ತಿರುವವರು ನೀವೇ ಎಂದು ಖಚಿತಪಡಿಸಿಕೊಳ್ಳಲು ಇಬ್ಬರಿಗಷ್ಟೇ ಗೊತ್ತಿರುವ ಪ್ರಶ್ನೆಯೊಂದು ಇರಲಿ. ಬಂಧನವಾದರೆ ನಿಮ್ಮ ದೇಶದ ದೂತಾವಾಸಕ್ಕೆ ತಿಳಿಸುವಂತೆ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯಲ್ಲಿದೆ. ಅದನ್ನು ಬಾಯಿಬಿಟ್ಟು ಕೇಳಬೇಕು, ಓದಲಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು. ದೂರು ಸಲ್ಲಿಸಲು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣವಿದೆ, ಊರಿನಲ್ಲಿರುವವರು ಅದನ್ನು ಬಳಸಬಹುದು.

ಮರಳಿದ ಮೇಲೆ

ಬರಹ ಪ್ರಕಟವಾಗುವ ದಿನವನ್ನು ಸ್ಥಳೀಯ ಸಹವರ್ತಿಗೂ ಮುಖ್ಯ ಮೂಲಗಳಿಗೂ ಮೊದಲೇ ತಿಳಿಸಿ. ಅಂದು ಊರಿನಲ್ಲಿ ಇರಬೇಕೋ ಬೇಡವೋ ಎಂಬುದನ್ನು ಅವರು ತೀರ್ಮಾನಿಸಿಕೊಳ್ಳಲಿ. ಸಹವರ್ತಿಯ ಹಣವನ್ನು ನಿಮ್ಮ ಸಂಭಾವನೆ ಬರುವ ತನಕ ಬಾಕಿ ಇರಿಸಿಕೊಳ್ಳುವುದು ಸರಿಯಲ್ಲ, ದೇಶ ಬಿಡುವ ಮೊದಲೇ ಕೊಟ್ಟು ಬನ್ನಿ. ಇದಕ್ಕಾಗಿ ನಗದು ಒಯ್ಯುವವರು, ಸಾಮಾನ್ಯವಾಗಿ ಒಂದು ಪ್ರಯಾಣಕ್ಕೆ 3,000 ಡಾಲರಿಗಿಂತ ಹೆಚ್ಚಿನ ವಿದೇಶಿ ನೋಟುಗಳನ್ನು ಕೊಳ್ಳುವಂತಿಲ್ಲವಾದ್ದರಿಂದ, ಉಳಿದದ್ದನ್ನು ಫಾರೆಕ್ಸ್ ಕಾರ್ಡಿಗೆ ಹಾಕಿಸಿಕೊಳ್ಳಬೇಕು.

ನಿಮ್ಮ ಸಂಭಾವನೆಯ ವಿಷಯಕ್ಕೆ ಬಂದರೆ, ಬರಹವನ್ನು ಅಂಗೀಕರಿಸಿದ ದಿನವೇ ಇನ್‌ವಾಯ್ಸ್ ಕಳುಹಿಸಿ, ಹಣ ಯಾವ ತಾರೀಖಿನೊಳಗೆ ಬರಬೇಕೆಂಬುದನ್ನು ಅದರಲ್ಲೇ ಬರೆಯಿರಿ. ಅಮೆರಿಕದ ಪ್ರಕಟಣೆಗಳು ಡಬ್ಲ್ಯೂ-8ಬೆನ್ ಎಂಬ ನಮೂನೆ ತುಂಬಿಕೊಡಲು ಕೇಳುತ್ತವೆ. ನೀವು ಅಲ್ಲಿನ ತೆರಿಗೆ ನಿವಾಸಿಯಲ್ಲವೆಂಬ ಘೋಷಣೆ ಅದು. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ಇಲ್ಲಿನ ತೆರಿಗೆ ನಿವಾಸಿಗಳಾಗುವುದರಿಂದ ಹೊರದೇಶದಿಂದ ಬಂದ ಹಣಕ್ಕೂ ಸಾಮಾನ್ಯವಾಗಿ ಇಲ್ಲಿ ಲೆಕ್ಕ ಕೊಡಬೇಕು. ಬ್ಯಾಂಕಿಗೆ ವಿದೇಶಿ ಹಣ ಜಮೆಯಾದ ದಾಖಲೆಯನ್ನು ಪ್ರತಿ ಬಾರಿಯೂ ಪಡೆದಿಡಿ. ಜಿಎಸ್‌ಟಿ ನೋಂದಣಿ ಇದ್ದವರು ಪ್ರತಿ ಆರ್ಥಿಕ ವರ್ಷಕ್ಕೂ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ಸೇವಾ ರಫ್ತಿನ ಮೇಲೆ ತೆರಿಗೆ ಕಟ್ಟದೆಯೇ ಬಿಲ್ಲು ಮಾಡಬಹುದು. ಟ್ಯಾಕ್ಸಿಯ ಚೀಟಿಯಿಂದ ಹಿಡಿದು ವೀಸಾ ಶುಲ್ಕದವರೆಗೆ ಎಲ್ಲ ರಸೀದಿಗಳ ಚಿತ್ರ ತೆಗೆದು, ಯಾವ ವರದಿಯ ಖರ್ಚು ಎಂದು ಬರೆದು, ಒಂದೇ ಕಡೆ ಇಟ್ಟಿದ್ದರೆ ಆಡಿಟರಿಗೂ ಅನುಕೂಲ, ಮುಂದಿನ ಪ್ರಸ್ತಾವದ ಬಜೆಟ್ಟು ಬರೆಯುವಾಗ ನಿಮಗೂ ಅನುಕೂಲ.